ನೇಪಲ್ಸ್‌ನ ಕರೆಗಂಟೆಗಳ ಮೇಲಿನ ಹೆಸರು

ಹಳೆಯ ನೇಪಲ್ಸ್‌ನ ಒಂದು ಓಣಿ. ಐದು ಅಂತಸ್ತಿನ ಮನೆ, ಆನೆ ನುಗ್ಗುವಷ್ಟು ಎತ್ತರದ ಬಾಗಿಲು, ಬಾಗಿಲ ಪಕ್ಕ ಹಿತ್ತಾಳೆಯ ಫಲಕ. ಫಲಕದ ತುಂಬ ಕರೆಗಂಟೆಯ ಗುಂಡಿಗಳು, ಒಂದೊಂದು ಗುಂಡಿಯ ಪಕ್ಕದಲ್ಲೂ ಒಂದೊಂದು ಹೆಸರು. ನಾನು ಕೋಣೆ ಹಿಡಿದಿದ್ದ ಮನೆಯವರು 'ಎಸ್ಪೋಸಿತೊ ಎಂದು ಬರೆದಿರುವ ಗುಂಡಿ ಒತ್ತಿ' ಎಂದು ಮೊಬೈಲಿಗೆ ಸಂದೇಶ ಕಳಿಸಿದ್ದರು. ಒತ್ತಲು ಬೆರಳು ಎತ್ತಿದವನು ಹಾಗೇ ನಿಂತೆ. ಫಲಕದಲ್ಲಿ ಮೂರು ಎಸ್ಪೋಸಿತೊಗಳಿದ್ದವು.

ಮೊದಲನೆಯದನ್ನು ಒತ್ತಿದೆ. ಎರಡನೇ ಮಹಡಿಯ ಬಾಲ್ಕನಿಯಿಂದ ಒಬ್ಬ ಅಜ್ಜಿ ಬಗ್ಗಿ ನೋಡಿದರು. ನನ್ನ ಬೆನ್ನ ಮೇಲಿನ ಚೀಲ ಕಂಡದ್ದೇ ಇವನು ತನ್ನ ಮನೆಗೆ ಬಂದವನಲ್ಲ ಎಂದು ತಿಳಿದು ಬೆರಳನ್ನು ಮೇಲಕ್ಕೆ ತೋರಿಸಿದರು. ಮೇಲಿನ ಎಸ್ಪೋಸಿತೊ ಇಳಿದು ಬಂದು ಚೀಲ ಇಸಿದುಕೊಂಡರು. ಮೆಟ್ಟಿಲು ಹತ್ತುತ್ತ ಕೇಳಿದೆ: 'ಈ ಮೂರೂ ಮನೆ ಅಣ್ಣತಮ್ಮಂದಿರದೇ?' ಅವರು ಮೆಟ್ಟಿಲ ಮೇಲೇ ತಿರುಗಿ ನಿಂತರು. 'ಇಲ್ಲ. ನಮಗೂ ಅವರಿಗೂ ಯಾವ ನಂಟೂ ಇಲ್ಲ. ನಂಟು ಹುಡುಕಲೇಬೇಕೆಂದರೆ ನಾಳೆ ಫೋರ್ಚೆಲ್ಲಾಗೆ ಹೋಗಿ ಅನುನ್ಸಿಯಾತಾ ನೋಡಿ ಬನ್ನಿ. ನಮ್ಮೆಲ್ಲರ ತಾಯಿ ಅಲ್ಲಿದ್ದಾಳೆ.'

ನಾನು ಧಾರವಾಡದ ಕಡೆಯವನು. ನಮ್ಮಲ್ಲಿ ಹೊಸಬರ ಜೊತೆ ಮಾತು ಶುರುವಾಗುವುದೇ ಅಡ್ಡಹೆಸರಿನಿಂದ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ, ಬಡಿಗೇರ, ಕುಲಕರ್ಣಿ, ದೇಸಾಯಿ. ಒಂದೊಂದರ ಹಿಂದೆಯೂ ಒಂದು ಕಸುಬು, ಒಂದು ಊರು, ಇಲ್ಲವೇ ಯಾವನೋ ಮುತ್ತಜ್ಜನ ಒಂದು ಕಥೆ. ಅಡ್ಡಹೆಸರು ಹೇಳಿದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: 'ಅಂದ್ರ ನೀವು ಯಾರ ಪೈಕಿ?' ಹೆಸರು ಇರುವುದೇ ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕೆ ಎಂದು ನಾನು ಹುಟ್ಟಿದಾಗಿನಿಂದ ನಂಬಿಕೊಂಡವನು. 'ಯಾರ ಪೈಕಿಯೋ ಗೊತ್ತಿಲ್ಲ' ಎಂಬುದೇ ಒಂದು ಅಡ್ಡಹೆಸರಾಗಬಹುದು, ಅದೇ ಒಂದು ಮಹಾನಗರದ ಅತಿ ಸಾಮಾನ್ಯ ಹೆಸರಾಗಿ ಬೆಳೆಯಬಹುದು ಎಂದು ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ.

ರೈಲು ನಿಲ್ದಾಣದ ಎದುರಿನ ಗರಿಬಾಲ್ಡಿ ಚೌಕದಿಂದ ಊರೊಳಕ್ಕೆ ನೆಟ್ಟಗೆ ಒಂದು ಹೆದ್ದಾರಿ ಹೋಗುತ್ತದೆ. ಕಾಗದದ ಮೇಲೆ ಅದು ಕೋರ್ಸೊ ಉಂಬೆರ್ತೊ, ಜನರ ಬಾಯಲ್ಲಿ 'ರೆತ್ತಿಫಿಲೊ', ಅಂದರೆ ನೇರಗೆರೆ. 1884ರ ಕಾಲರಾ ಈ ಊರಲ್ಲಿ ಸಾವಿರಾರು ಜನರನ್ನು ಕೊಂದ ಮೇಲೆ, ಗಾಳಿ ಬೆಳಕಿಲ್ಲದ ಕೇರಿಗಳನ್ನು ಒಡೆದು ಎಳೆದ ರಸ್ತೆ ಇದು. ಆದರೆ ನೇರಗೆರೆಯಿಂದ ಬಲಕ್ಕೆ ಎರಡು ಹೆಜ್ಜೆ ಇಟ್ಟರೆ ಸಾಕು, ಒಡೆಯದೆ ಉಳಿದ ಹಳೆಯ ಊರು ತನ್ನ ಕತ್ತಲೆ, ತೇವ, ಗದ್ದಲದ ಸಮೇತ ಎದುರಾಗುತ್ತದೆ. ಅದೇ ಫೋರ್ಚೆಲ್ಲಾ. ಹಾಗೆಂದರೆ ಕವಲು. ಇಲ್ಲಿ ಬೀದಿ ಕವೆಗೋಲಿನಂತೆ ಎರಡಾಗಿ ಸೀಳುತ್ತದೆ. ಹತ್ತಿರದ ಕಲೆಂದಾ ಚೌಕದಲ್ಲಿ ಕಬ್ಬಿಣದ ಕಟಕಟೆಯೊಳಗೆ ಒಂದಿಷ್ಟು ಕಲ್ಲುಗಳು ಕೂತಿವೆ. ಈ ಊರು ಗ್ರೀಕರದಾಗಿದ್ದ ಕಾಲದ ಕೋಟೆಯ ಅವಶೇಷ. ಬಹಳ ಹಳೆಯ ಮಾತು ಎನ್ನಬೇಕಾದಾಗ ಇಲ್ಲಿನವರು ಆ ಕಲ್ಲುಗಳನ್ನೇ ನೆನೆಯುತ್ತಾರಂತೆ. ಮೊಪೆಡ್ಡುಗಳು, ಮೀನಿನ ತಟ್ಟೆಗಳು, ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿ, ತಲೆಯ ಮೇಲೆ ಒಣಹಾಕಿದ ಬಟ್ಟೆಗಳ ತೋರಣ. ಒಂದು ಗೋಡೆಯ ಮೇಲೆ ಊರ ಕಾಯುವ ಸಂತ ಜೆನ್ನಾರೊನ ಭಾರಿ ಮುಖ. ಜೋರಿತ್ ಎಂಬ ಕಲಾವಿದ 2015ರಲ್ಲಿ ಬರೆದದ್ದು. ಆ ಮುಖಕ್ಕೆ ಮಾದರಿಯಾದದ್ದು ಒಬ್ಬ ಸಾಮಾನ್ಯ ಕೂಲಿಕಾರನ ಮುಖ. ಸಂತನ ಕಣ್ಣು ಮೇಲಕ್ಕೆ ನೋಡುತ್ತಿರುತ್ತದೆ, ಕೆಳಗೆ ಹುಡುಗರು ಚೆಂಡು ಒದೆಯುತ್ತಿರುತ್ತಾರೆ.

ಅಲ್ಲಿಂದ ಕೂಗಳತೆಯ ದೂರದಲ್ಲಿ ಅನುನ್ಸಿಯಾತಾ ಬೀದಿ, ಅದರಲ್ಲಿ ಆ ಮನೆ.

ಮೊದಲು ಕಣ್ಣಿಗೆ ಬೀಳುವುದು ಅಮೃತಶಿಲೆಯ ಕಮಾನು. ಹದಿನಾರನೇ ಶತಮಾನದ ಆರಂಭದಲ್ಲಿ ತೊಮ್ಮಾಸೊ ಮಾಲ್ವಿತೊ ಕಡೆದದ್ದು. ನೆತ್ತಿಯಲ್ಲಿ ಮರಿಯಮ್ಮ ನಿಂತಿದ್ದಾಳೆ. ಸೆರಗನ್ನು ಎರಡೂ ಕಡೆ ಹರಡಿದ್ದಾಳೆ, ಸೆರಗಿನ ಕೆಳಗೆ ಪುಟ್ಟ ಪುಟ್ಟ ಮಕ್ಕಳು ಒತ್ತಿಕೊಂಡು ನಿಂತಿದ್ದಾರೆ. ಸೆರಗು ಎಂಬುದು ನನ್ನ ಮಾತು. ಶಿಲ್ಪಿ ಕಡೆದದ್ದು ನಿಲುವಂಗಿ. ಆದರೆ ಮಳೆ ಬಂದಾಗ ಕೂಸಿನ ತಲೆಯ ಮೇಲೆ ಸೆರಗು ಎಳೆಯುವ ತಾಯಿಯನ್ನು ನೋಡಿದ ಯಾರಿಗೂ ಅಲ್ಲಿ ಬೇರೆ ಪದ ಹೊಳೆಯುವುದಿಲ್ಲ. 'ನಮ್ಮೆಲ್ಲರ ತಾಯಿ ಅಲ್ಲಿದ್ದಾಳೆ' ಎಂದು ಮನೆಯವರು ಹೇಳಿದ್ದು ಇವಳನ್ನೇ. ದೇವದೂತ ಬಂದು ಮರಿಯಮ್ಮನಿಗೆ ಅವಳು ತಾಯಾಗುವ ಸುದ್ದಿ ಹೇಳಿದ ದಿನವನ್ನು ನಮ್ಮ ಕನ್ನಡ ಕ್ರೈಸ್ತರು ಮಂಗಳವಾರ್ತೆ ಎನ್ನುತ್ತಾರೆ. ಮಾರ್ಚ್ 25ರ ಹಬ್ಬ. ಅನುನ್ಸಿಯಾತಾ ಎಂದರೆ ಅದೇ, ಮಂಗಳವಾರ್ತೆಯ ಮಾತೆ.

ಹದಿನಾಲ್ಕನೇ ಶತಮಾನದಲ್ಲಿ, ಆಂಜು ವಂಶದ ಅರಸರ ಕಾಲಕ್ಕೆ ಹುಟ್ಟಿದ ಧರ್ಮಸಂಸ್ಥೆ ಇದು. ರಾಬರ್ಟ್ ದೊರೆಯ ರಾಣಿ ಸಾಂಚಾ ಇದಕ್ಕೆ ಆಸರೆಯಾದಳು. ಮುಂದೆ ದಾನದತ್ತಿಗಳು ಹರಿದು ಬಂದವು. ಆಸ್ಪತ್ರೆ, ಚರ್ಚು, ಅನಾಥಾಲಯ ಎಲ್ಲ ಸೇರಿ ಇದು ಊರೊಳಗೊಂದು ಊರಾಯಿತು. 1587ರಲ್ಲಿ ತನ್ನದೇ ಬ್ಯಾಂಕನ್ನೂ ತೆರೆಯಿತು. ಆ ಬ್ಯಾಂಕು 1702ರಲ್ಲಿ ಮುಳುಗಿತು. 1757ರಲ್ಲಿ ಚರ್ಚು ಸುಟ್ಟುಹೋಯಿತು, ವಾನ್ವಿತೆಲ್ಲಿ ಎಂಬ ಹೆಸರಾಂತ ವಾಸ್ತುಶಿಲ್ಪಿ ಮತ್ತವನ ಮಗ ಅದನ್ನು ಮತ್ತೆ ಕಟ್ಟಿದರು. ಎರಡನೇ ಮಹಾಯುದ್ಧದ ಬಾಂಬುಗಳೂ ಬಿದ್ದವು. ಇಷ್ಟು ಇತಿಹಾಸವನ್ನು ಯಾವ ಮಾರ್ಗದರ್ಶಿ ಪುಸ್ತಕವಾದರೂ ಹೇಳುತ್ತದೆ. ನಾನು ಬಂದದ್ದು ಗೋಡೆಯಲ್ಲಿನ ಒಂದು ಕಿಂಡಿಯನ್ನು ನೋಡಲು.

ಕಮಾನಿನ ಎಡಗಡೆ, ಬೀದಿಗೆ ಮುಖ ಮಾಡಿದ ಗೋಡೆಯಲ್ಲಿ ಅದು ಇದೆ. ಅಷ್ಟು ಚಿಕ್ಕದೆಂದು ನಾನು ಎಣಿಸಿರಲಿಲ್ಲ. ಅಪ್ಪಿ ಹಿಡಿದ ಕೂಸು ಮಾತ್ರ ಹಾಯಬಹುದಾದಷ್ಟು ಕಿಂಡಿ. ಬೇಕೆಂದೇ ಚಿಕ್ಕದು. ನಡೆದಾಡುವ ವಯಸ್ಸಿನ ಮಕ್ಕಳನ್ನೂ ಬಡತನಕ್ಕೆ ಸೋತ ತಂದೆತಾಯಿ ಮೈಗೆ ಎಣ್ಣೆ ಸವರಿ ಇದರೊಳಗೆ ತುರುಕಲು ನೋಡುತ್ತಿದ್ದರು, ಮಕ್ಕಳ ಮೂಳೆ ಮುರಿಯುತ್ತಿತ್ತು ಎಂದು ಇಲ್ಲಿನವರು ಇಂದಿಗೂ ಹೇಳುತ್ತಾರೆ. ಕಿಂಡಿಯ ಅಂಚಿನ ಮೇಲೆ ಕೈಯಿಟ್ಟೆ. ಹೆಚ್ಚು ಹೊತ್ತು ಇಡಲಾಗಲಿಲ್ಲ.

ಒಳಗೆ ಹೋದರೆ ಅದೇ ಕಿಂಡಿಯ ಇನ್ನೊಂದು ಮಗ್ಗುಲು. ಒಂದು ಸಣ್ಣ ಕೋಣೆ. ಗೋಡೆಗೆ ಹೊಂದಿಸಿ ನಿಲ್ಲಿಸಿದ ಮರದ ಉರುಳೆ, ಒಳಗೆ ಟೊಳ್ಳು, ಒಂದು ಬದಿ ತೆರೆದದ್ದು. ಇದೇ 'ರುವೋತಾ', ಚಕ್ರ. ಹೊರಗಿನಿಂದ ಕೂಸನ್ನು ಟೊಳ್ಳಿನಲ್ಲಿ ಮಲಗಿಸಿ ಉರುಳೆಯನ್ನು ತಿರುಗಿಸಿದರೆ, ಕೂಸು ಗೋಡೆಯ ಒಳಗೆ ಬರುತ್ತದೆ, ತೆರೆದ ಬದಿ ಹೊರಗಿನವರ ಕಣ್ಣಿಗೆ ಮರೆಯಾಗುತ್ತದೆ. ಇಟ್ಟವರ ಮುಖ ಒಳಗಿನವರಿಗೆ ಕಾಣದು, ಎತ್ತಿಕೊಂಡವರ ಮುಖ ಹೊರಗಿನವರಿಗೆ ಕಾಣದು. ನಡುವೆ ಒಂದು ಮೊಳ ದಪ್ಪದ ಗೋಡೆ ಮತ್ತು ಗಂಟೆಯ ಸದ್ದು. ಗಂಟೆ ಕೇಳಿದ್ದೇ ಒಳಗೆ ಹಗಲಿರುಳು ಪಾಳಿಯಲ್ಲಿರುತ್ತಿದ್ದ ಹೆಂಗಸು ಎದ್ದು ಬರುತ್ತಿದ್ದಳು. ಚಕ್ರದ ಪಕ್ಕದಲ್ಲೇ ಕಲ್ಲಿನ ತೊಟ್ಟಿ. ಕೂಸಿಗೆ ಮೊದಲ ಸ್ನಾನ ಅಲ್ಲೇ.

ಆ ತೊಟ್ಟಿಯ ಮುಂದೆ ನಾನು ಸುಮ್ಮನೆ ನಿಂತುಬಿಟ್ಟೆ. ಗೋಡೆಯಾಚೆ ಮೊಪೆಡ್ಡುಗಳ ಗದ್ದಲ, ಯಾರೋ ಯಾರನ್ನೋ ಕೂಗುವ ಸದ್ದು. ಶತಮಾನಗಳ ಕಾಲ ಆ ಕಡೆ ಒಬ್ಬಳು ನಿಂತಿರುತ್ತಿದ್ದಳು. ಇತ್ತ ಚಕ್ರ ತಿರುಗುವ ಕಿರಗುಟ್ಟುವಿಕೆ. ಅವಳಿಗೆ ಕೊನೆಗೆ ಕೇಳಿಸುತ್ತಿದ್ದದ್ದು ತನ್ನ ಕೂಸಿನ ಅಳುವೋ, ಈ ತೊಟ್ಟಿಗೆ ಸುರಿಯುವ ನೀರಿನ ಸದ್ದೋ. ಕೋಣೆ ತೋರಿಸುತ್ತಿದ್ದ ಹಿರಿಯ ಹೆಂಗಸು ನನ್ನ ಮುಖ ನೋಡಿ ಏನೂ ಹೇಳದೆ ಬಾಗಿಲ ಬಳಿ ಸರಿದು ನಿಂತರು. ಇಲ್ಲಿಗೆ ಬಂದವರು ಹೀಗೆ ನಿಲ್ಲುವುದು ಅವರಿಗೆ ಹೊಸದಲ್ಲವೇನೋ.

ಸ್ನಾನ ಆದ ಮೇಲೆ ಬರವಣಿಗೆ. ದೊಡ್ಡ ದಫ್ತರಗಳಲ್ಲಿ ದಿನ, ಹೊತ್ತು, ಕೂಸಿನ ವಯಸ್ಸು ಅಂದಾಜಿಗೆ ಎಷ್ಟು, ಮೈಮೇಲೆ ಮಚ್ಚೆ ಇದೆಯೇ, ಯಾವ ಬಟ್ಟೆಯಲ್ಲಿ ಸುತ್ತಿತ್ತು, ಜೊತೆಯಲ್ಲಿ ಏನಾದರೂ ಇತ್ತೇ ಎಂಬುದನ್ನೆಲ್ಲ ಬರೆಯುತ್ತಿದ್ದರು. ಕೆಲವು ತಾಯಂದಿರು ಒಂದು ಚೀಟಿ, ಅರ್ಧ ಮುರಿದ ನಾಣ್ಯ, ಹರಿದ ಸಂತನ ಚಿತ್ರ ಇಡುತ್ತಿದ್ದರು. ಉಳಿದ ಅರ್ಧ ತಾಯಿಯ ಬಳಿ. ಎಂದಾದರೂ ಬಂದು ಹೊಂದಿಸಿ ತೋರಿಸಿದರೆ ಮಗು ಅವಳದು. ಕೂಸಿನ ಕೊರಳಿಗೆ ಸೀಸದ ಬಿಲ್ಲೆಯೊಂದನ್ನು ಕಟ್ಟುತ್ತಿದ್ದರು. ಬಳಿಕ ಜ್ಞಾನಸ್ನಾನ, ಅದಕ್ಕೆ ಹೆಸರು ಬೇಕು. ಮರಿಯಾ, ವಿಂಚೆನ್ಸೊ, ಜೆನ್ನಾರೊ ಹೀಗೆ ಹೆಸರಿಗೇನು ಬರವಿಲ್ಲ. ಹೆಸರಿನ ಮುಂದೆ ಅಪ್ಪನ ಮನೆತನ ಬರೆಯಬೇಕಾದ ಜಾಗ ಮಾತ್ರ ಖಾಲಿ. 1563ರಲ್ಲಿ ಮುಗಿದ ತ್ರೆಂತೊ ಧರ್ಮಸಭೆಯ ನಂತರ ಇಟಲಿಯ ಪ್ರತಿ ಚರ್ಚೂ ದಫ್ತರ ಇಡುವ ಪದ್ಧತಿ ಗಟ್ಟಿಯಾಗಿ, ಅಡ್ಡಹೆಸರುಗಳು ಬಾಯಿಂದ ಕಾಗದಕ್ಕೆ ಇಳಿದು ನಿಲ್ಲತೊಡಗಿದ್ದವು. ಖಾಲಿ ಬಿಡುವಂತಿಲ್ಲ. ಗುಮಾಸ್ತರು ಅಲ್ಲಿ ಒಂದೇ ಪದ ಬರೆದರು: ಎಸ್ಪೋಸಿತೊ.

ಲ್ಯಾಟಿನ್ನಿನ 'ಎಕ್ಸ್‌ಪೊಸಿತುಸ್' ಎಂಬುದು ಇದರ ಮೂಲ. ಹೊರಗೆ ಇಟ್ಟದ್ದು, ಹೊರಗಿಡಲ್ಪಟ್ಟವನು ಎಂದು ಅರ್ಥ. ನಮ್ಮ ಊರುಗಳ ಮೈದಾನದಲ್ಲಿ ಬ್ಯಾನರು ಕಟ್ಟಿ ನಡೆಸುವ 'ಎಕ್ಸ್‌ಪೋ' ಕೂಡ ಇದೇ ಬೇರಿನದು. ಅಲ್ಲಿ ಸರಕನ್ನು ಹೊರಗಿಟ್ಟು ತೋರಿಸುತ್ತಾರೆ. ಮೊದಮೊದಲು ಇದು ಅಡ್ಡಹೆಸರಲ್ಲ, ದಫ್ತರದ ಷರಾ. ಆ ಷರಾ ಮಗುವಿನ ಜೊತೆ ಬೆಳೆಯಿತು, ಮದುವೆಯಾಯಿತು, ಅದರ ಮಕ್ಕಳಿಗೂ ಇಳಿಯಿತು. ಉಚ್ಚಾರವನ್ನು ನಾನು ತಪ್ಪಾಗಿ ಕಲಿತಿದ್ದೆ. ಅಮೆರಿಕದ ಸಿನಿಮಾಗಳಲ್ಲಿ 'ಸಿ' ಮೇಲೆ ಒತ್ತು ಹಾಕಿ ಎಳೆಯುತ್ತಾರೆ. ನೇಪಲ್ಸ್‌ನಲ್ಲಿ ಒತ್ತು 'ಪೋ' ಮೇಲೆ, ಉಳಿದದ್ದು ಬೇಗ ಜಾರಿಹೋಗುತ್ತದೆ.

ಈ ಮಕ್ಕಳನ್ನು ಊರು ಕರೆದ ಬಗೆ ನನ್ನನ್ನು ಇನ್ನೂ ಬೆರಗುಗೊಳಿಸುತ್ತದೆ. ಕಾಗದದಲ್ಲಿ ಹೊರಗಿಡಲ್ಪಟ್ಟವರು, ಬಾಯಲ್ಲಿ 'ಮದೋನ್ನಾಳ ಮಕ್ಕಳು', ಮರಿಯಮ್ಮನ ಮಕ್ಕಳು. ಹುಡುಗಿಯರು ದೊಡ್ಡವರಾದರೆ ಸಂಸ್ಥೆಯೇ ತವರಾಗಿ ವರದಕ್ಷಿಣೆ ಕೊಟ್ಟು ಮದುವೆ ಮಾಡುತ್ತಿತ್ತು. ಅದಕ್ಕೆಂದೇ ಊರಿನ ಸಿರಿವಂತರು ದತ್ತಿ ಬಿಟ್ಟಿದ್ದರು. ಹಾಗೆಂದು ಇದನ್ನು ಚಂದದ ಕಥೆ ಮಾಡಲು ನನಗೆ ಮನಸ್ಸಿಲ್ಲ. ಚಕ್ರದೊಳಗೆ ಬಂದ ಕೂಸುಗಳಲ್ಲಿ ಬಹಳಷ್ಟು ವರ್ಷ ತುಂಬುವ ಮೊದಲೇ ಸತ್ತವು. ಯುರೋಪಿನ ಎಲ್ಲ ಅನಾಥ ಶಿಶುಗೃಹಗಳ ಕಥೆಯೂ ಅದೇ. ಹಾಲು ಸಾಲುತ್ತಿರಲಿಲ್ಲ. ಒಬ್ಬ ದಾದಿಯ ಎದೆಗೆ ಹಲವು ಮಕ್ಕಳು. ಒಂದೇ ಸೂರಿನಡಿ ಅಷ್ಟು ಕೂಸುಗಳಿದ್ದರೆ ಜ್ವರ, ಭೇದಿ ತಡೆಯುವವರಾರು. ಇಂದು ನಾವು ಕರೆಗಂಟೆಗಳ ಮೇಲೆ ಓದುವ ಪ್ರತಿ ಎಸ್ಪೋಸಿತೊ ಆ ಮೊದಲ ವರ್ಷವನ್ನು ದಾಟಿ ಬಂದ ಒಂದು ಕೂಸಿನ ಹೆಸರು.

ದಾಟಿಸಿದವರು ಯಾರು? ಬಹುಪಾಲು ಹಳ್ಳಿಯ ಹೆಂಗಸರು. ಮೊಲೆಹಾಲು ಕೊಡಲು ಕೂಸನ್ನು ಸುತ್ತಲ ಹಳ್ಳಿಗಳ ದಾದಿಯರಿಗೆ ಒಪ್ಪಿಸಿ, ತಿಂಗಳಿಗಿಷ್ಟು ಎಂದು ಹಣ ಕೊಡುತ್ತಿದ್ದರು. ಹಣಕ್ಕೆಂದು ಒಯ್ದ ಕೂಸನ್ನು ಮರಳಿಸಲು ಮನಸ್ಸಾಗದೆ ಉಳಿಸಿಕೊಂಡ ಮನೆಗಳು ಎಷ್ಟೋ. ಆ ಮಕ್ಕಳು ವೆಸೂವಿಯಸ್ಸಿನ ತಪ್ಪಲಿನ ಹೊಲಗಳಲ್ಲಿ, ಕಡಲ ದಂಡೆಯ ಬೆಸ್ತರ ಊರುಗಳಲ್ಲಿ ಬೆಳೆದರು. ಹೆಸರು ನಗರದಿಂದ ಹೊರಬಿದ್ದು ಕಂಪಾನಿಯಾ ಪ್ರಾಂತದ ತುಂಬ ಹರಡಿದ್ದು ಹೀಗೆ, ದಾದಿಯರ ಕಂಕುಳಲ್ಲಿ ಕೂತು. ದಕ್ಷಿಣ ಇಟಲಿಯ ಬೇರೆ ಊರುಗಳಲ್ಲೂ ಇಂಥ ಚಕ್ರಗಳಿದ್ದವು, ಅಲ್ಲೂ ಇದೇ ಪದ ಬರೆದರು. ಹಾಗಾಗಿ ಎಸ್ಪೋಸಿತೊಗಳಿಗೆ ಒಬ್ಬ ಮೂಲಪುರುಷನಿಲ್ಲ. ನೂರಾರು ಸಲ, ಸಾವಿರಾರು ಸಲ ಹೊಸದಾಗಿ ಹುಟ್ಟಿದ ಹೆಸರು ಇದು. ಬಾಲ್ಕನಿಯ ಅಜ್ಜಿಗೂ ಮೇಲಿನ ಮಹಡಿಯವರಿಗೂ ನಂಟಿಲ್ಲ ಎಂದದ್ದು ಅಕ್ಷರಶಃ ನಿಜ.

ನೆಪೋಲಿಯನ್ನನ ತಂಗಿಯ ಗಂಡ ಜೊಯಾಕಿಂ ಮ್ಯೂರಾ 1808ರಿಂದ ನೇಪಲ್ಸ್ ಆಳಿದ. ಮರುವರ್ಷವೇ ಹುಟ್ಟು, ಮದುವೆ, ಸಾವುಗಳ ಸರ್ಕಾರಿ ನೋಂದಣಿ ಶುರುವಾಯಿತು. ಒಂದು ಕೂಸಿನ ಮೇಲೆ ಹುಟ್ಟಿನ ಕಳಂಕವನ್ನು ಹೆಸರಾಗಿ ಹೊರಿಸುವುದು ಸರಿಯಲ್ಲ ಎಂದು ಅವನ ಆಳ್ವಿಕೆಯಲ್ಲಿ ಈ ಅಡ್ಡಹೆಸರು ಕೊಡುವುದನ್ನು ನಿಲ್ಲಿಸಿದರು. ಅಲ್ಲಿಂದ ಮುಂದೆ ಬಂದ ಮಕ್ಕಳಿಗೆ ಗುಮಾಸ್ತರು ಒಂದೊಂದು ಹೊಸ ಅಡ್ಡಹೆಸರು ಕಟ್ಟಿ ಕೊಡಬೇಕಾಯಿತು. ಆದರೆ ಅಷ್ಟರಲ್ಲಿ ಹಳೆಯ ಎಸ್ಪೋಸಿತೊಗಳಿಗೆ ಮಕ್ಕಳು, ಮೊಮ್ಮಕ್ಕಳು ಆಗಿದ್ದರು. ಅಪ್ಪನಿಂದ ಮಗನಿಗೆ ಇಳಿಯುವ ಹೆಸರನ್ನು ಯಾವ ಅರಸನ ಕಾಗದ ತಡೆದೀತು? ಚಕ್ರ ತಿರುಗುವುದು ನಿಂತದ್ದು 1875ರಲ್ಲಿ. ಬಡವರು ಮದುವೆಯೊಳಗೆ ಹುಟ್ಟಿದ ತಮ್ಮ ಮಕ್ಕಳನ್ನೇ ಹಸಿವಿಗೆ ಹೆದರಿ ತಂದಿಡುತ್ತಿದ್ದರು. ಸಂಸ್ಥೆಗಳಿಗೆ ಭಾರ ತಡೆಯಲಾಗಲಿಲ್ಲ. ಚಕ್ರ ನಿಂತರೂ ಮನೆ ಮುಚ್ಚಲಿಲ್ಲ, ಕಚೇರಿಯ ಬಾಗಿಲಿನಿಂದ ಮಕ್ಕಳು ಬರುತ್ತಲೇ ಇದ್ದರು. 1923ರಲ್ಲಿ ಇಟಲಿಯಾದ್ಯಂತ ಉಳಿದ ಚಕ್ರಗಳನ್ನೂ ಕಾನೂನು ತೆಗೆದುಹಾಕಿತು.

ಇಷ್ಟು ತಿಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ದಿನ ಬಿಟ್ಟು ವೇಗದ ರೈಲು ಹಿಡಿದು ಮೂರು ಗಂಟೆಯಲ್ಲಿ ಫ್ಲಾರೆನ್ಸ್ ತಲುಪಿದೆ. ಅಲ್ಲಿಯೂ ಒಂದು ಅನುನ್ಸಿಯಾತಾ ಚೌಕ. ಚೌಕದ ಒಂದು ಬದಿಗೆ ಬ್ರುನೆಲ್ಲೆಸ್ಕಿ 1419ರಲ್ಲಿ ಕಟ್ಟಲು ತೊಡಗಿದ 'ಇನ್ನೊಚೆಂತಿ' ಶಿಶುಗೃಹ. ಇನ್ನೊಚೆಂತಿ ಎಂದರೆ ಏನೂ ಅರಿಯದ ಹಸುಳೆಗಳು. ತೆಳ್ಳನೆಯ ಕಂಬಗಳ ಮೇಲೆ ನೀಲಿ ಬಿಲ್ಲೆಗಳು, ಒಂದೊಂದರಲ್ಲೂ ಬಟ್ಟೆ ಸುತ್ತಿದ ಒಂದು ಬಿಳಿಯ ಕೂಸು, ಆಂದ್ರೆಯಾ ದೆಲ್ಲಾ ರೊಬ್ಬಿಯಾ ಮಾಡಿದ್ದು. 1445ರ ಫೆಬ್ರವರಿ 5ರಂದು ಇಲ್ಲಿ ಮೊದಲ ಕೂಸನ್ನು ಬರೆದುಕೊಂಡರು. ಹೆಣ್ಣುಮಗು, ಆಗಾತಾ ಸ್ಮೆರಾಲ್ದಾ ಎಂದು ಹೆಸರಿಟ್ಟರು. ಇನ್ನೊಚೆಂತಿ, ನೊಚೆಂತಿನಿ ಎಂಬ ಅಡ್ಡಹೆಸರುಗಳು ತಸ್ಕನಿಯಲ್ಲಿ ಇಂದಿಗೂ ಇವೆ.

ಅಲ್ಲಿನ ಸಂಗ್ರಹಾಲಯದಲ್ಲಿ ಒಂದು ಗೋಡೆಯಿದೆ. 140 ಸಣ್ಣ ಸೆಳೆಖಾನೆಗಳು. ಒಂದೊಂದರ ಮೇಲೂ ಒಂದು ಮಗುವಿನ ಹೆಸರು. ಎಳೆದರೆ ಒಳಗೆ ಆ ಮಗುವಿನ ಜೊತೆ ಸಿಕ್ಕ ವಸ್ತು: ಅರ್ಧ ಪದಕ, ಕತ್ತರಿಸಿದ ಚಿತ್ರ, ಮಣಿ, ಬಟ್ಟೆಯ ಚೂರು. ನೇಪಲ್ಸ್‌ನಲ್ಲಿ ಬರಿಯ ಮಾತಿನಲ್ಲಿ ಕೇಳಿದ್ದ ಅರ್ಧ ನಾಣ್ಯ ಇಲ್ಲಿ ಕಣ್ಣೆದುರು ಇತ್ತು. ಪದಕವನ್ನು ನೇರವಾಗಿ ಕತ್ತರಿಸಿರಲಿಲ್ಲ, ಅಂಕುಡೊಂಕಾಗಿ ಕತ್ತರಿಸಿದ್ದರು, ಬೇರೆ ಯಾವ ಅರ್ಧವೂ ಅದಕ್ಕೆ ಕೂಡದಂತೆ. ಅದು ಇನ್ನೂ ಇಲ್ಲಿ ಉಳಿದಿದೆ ಎಂದರೆ ಇನ್ನೊಂದು ಅರ್ಧವನ್ನು ಹಿಡಿದವಳು ಬರಲಿಲ್ಲ ಎಂದೇ. ಹತ್ತು ಹನ್ನೆರಡು ಸೆಳೆಖಾನೆ ಎಳೆದು ನೋಡಿದೆ. ಉಳಿದವನ್ನು ಎಳೆಯುವ ಶಕ್ತಿ ಇರಲಿಲ್ಲ.

ಇಟಲಿಯ ಒಂದೊಂದು ಊರೂ ತನ್ನ ಮಕ್ಕಳಿಗೆ ಒಂದೊಂದು ಪದ ಹುಡುಕಿಕೊಂಡಿದೆ. ಮಿಲಾನಿನ ದೊಡ್ಡಾಸ್ಪತ್ರೆಯ ಲಾಂಛನ ಪಾರಿವಾಳ, ಆದ್ದರಿಂದ ಅಲ್ಲಿನ ಮಕ್ಕಳು ಕೊಲೊಂಬೊ. ಅದು ಇಂದು ಮಿಲಾನ್ ಸೀಮೆಯ ಅತಿ ದಟ್ಟ ಹೆಸರುಗಳಲ್ಲೊಂದು, ಅವರಲ್ಲಿ ಎಲ್ಲರೂ ಆಸ್ಪತ್ರೆಯ ಸಂತಾನ ಅಲ್ಲದಿದ್ದರೂ. ರೋಮಿನಲ್ಲಿ ಪ್ರೊಯೆತ್ತಿ, ಎಸೆಯಲ್ಪಟ್ಟವರು ಎಂದು. ಬೊಲೊನ್ಯದಲ್ಲಿ ದೆಲ್ಯಿ ಎಸ್ಪೋಸ್ತಿ. ಸಿಸಿಲಿಯಲ್ಲಿ ತ್ರೊವಾತೊ, ಸಿಕ್ಕವನು. ಬಿಟ್ಟವರ ಕಡೆಯಿಂದ ನೋಡಿದ ಹೆಸರು, ಪಡೆದವರ ಕಡೆಯಿಂದ ನೋಡಿದ ಹೆಸರು ಎಂದು ಎರಡು ಬಗೆ. 'ಸಿಕ್ಕವನು' ಎಂಬುದು ನನಗೆ ಎಲ್ಲಕ್ಕಿಂತ ಹಿಡಿಸಿತು.

ಮರಳಿ ನೇಪಲ್ಸ್‌ಗೆ ಬಂದ ಸಂಜೆ ಬಂದರಿಗೆ ನಡೆದು ಹೋದೆ. ಕಾಪ್ರಿ ದ್ವೀಪಕ್ಕೆ ಹೊರಡುವ ದೋಣಿಗಳ ಸಾಲು, ಆಚೆ ಎರಡು ತಲೆಯ ವೆಸೂವಿಯಸ್. 1880ರಿಂದ 1915ರ ನಡುವೆ ಸುಮಾರು 1 ಕೋಟಿ 30 ಲಕ್ಷ ಇಟಾಲಿಯನ್ನರು ದೇಶ ಬಿಟ್ಟರು. ದಕ್ಷಿಣದವರಲ್ಲಿ ಲೆಕ್ಕವಿಲ್ಲದಷ್ಟು ಜನ ಹಡಗು ಹತ್ತಿದ್ದು ಈ ಕಟ್ಟೆಯಿಂದ. ಒಮ್ಮೆ ಚಕ್ರದಲ್ಲಿ ತಿರುಗಿ ಒಳಬಂದ ಹೆಸರು ಎರಡನೇ ಸಲ ಇಲ್ಲಿಂದ ಹೊರಬಿತ್ತು, ನ್ಯೂಯಾರ್ಕಿಗೆ, ಬ್ಯೂನಸ್ ಐರಿಸ್‌ಗೆ, ಟೊರಾಂಟೊಗೆ. ಕೆನಡಾದ ಸೂ ಸೇಂಟ್ ಮರಿ ಎಂಬ ಊರಿನ ಅಣ್ಣತಮ್ಮಂದಿರು ಫಿಲ್ ಮತ್ತು ಟೋನಿ ಎಸ್ಪೋಸಿತೊ ಐಸ್ ಹಾಕಿಯ ದಂತಕಥೆಗಳಾದರು. ಅಲ್ಲಿನ ದೊಡ್ಡ ಲೀಗಿನಲ್ಲಿ ಒಂದೇ ಋತುವಿನಲ್ಲಿ 100 ಅಂಕ ದಾಟಿದ ಮೊದಲ ಆಟಗಾರ ಫಿಲ್. 'ಬ್ರೇಕಿಂಗ್ ಬ್ಯಾಡ್' ನೋಡಿದವರಿಗೆ ಜಿಯಾನ್‌ಕಾರ್ಲೊ ಎಸ್ಪೋಸಿತೊ ಗೊತ್ತು; ತಂದೆ ಇಟಲಿಯವರು, ತಾಯಿ ಆಫ್ರಿಕನ್ ಅಮೆರಿಕನ್ ಗಾಯಕಿ, ಹುಟ್ಟಿದ್ದು ಕೋಪನ್‌ಹೇಗನ್. ಸ್ಪೇನಿನಲ್ಲೂ ಅನಾಥ ಮಕ್ಕಳಿಗೆ ಅದೇ ಲ್ಯಾಟಿನ್ ಬೇರಿನ 'ಎಕ್ಸ್‌ಪೊಸಿತೊ' ಎಂಬ ಹೆಸರು ಕೊಡುತ್ತಿದ್ದರು. ಅರ್ಜೆಂಟೀನಾದ ಟ್ಯಾಂಗೊ ಹಾಡುಗಳ ದೊಡ್ಡ ಕವಿ ಒಮೆರೊ ಎಕ್ಸ್‌ಪೊಸಿತೊ.

ಊರಲ್ಲೇ ಉಳಿದವರಲ್ಲಿ ಎಲ್ಲರಿಗೂ ಗೊತ್ತಿರುವವನು ಒಬ್ಬ ಅಡುಗೆಯವ. 1889ರಲ್ಲಿ ಇಟಲಿಯ ರಾಣಿ ಮಾರ್ಗೆರಿತಾ ನೇಪಲ್ಸ್‌ಗೆ ಬಂದಾಗ ಟೊಮೆಟೊ, ಮೊಜ್ಜರೆಲ್ಲಾ, ತುಳಸಿಯ ಜಾತಿಯ ಬಸಿಲಿಕೊ ಎಲೆ ಹಾಕಿ ಪಿಜ್ಜಾ ಬೇಯಿಸಿ, ಅದಕ್ಕೆ ರಾಣಿಯ ಹೆಸರಿಟ್ಟ ಎಂದು ಕಥೆಯಾದವನು. ಕಥೆಯ ವಿವರಗಳನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಅಂಥ ಪಿಜ್ಜಾ ಅದಕ್ಕೆ ಮೊದಲೇ ಇತ್ತು. ಆದರೆ ಪಿಜ್ಜಾ ಮಾಡುವವನ ಹೆಸರು ದಿಟ: ರಫಾಯೆಲೆ ಎಸ್ಪೋಸಿತೊ. ಹುಬ್ಬಳ್ಳಿಯ ಹೋಟೆಲಿನಲ್ಲಿ ಮಾರ್ಗರಿಟಾ ತರಿಸಿ ತಿನ್ನುವಾಗ ನಾವು ರಾಣಿಯ ಹೆಸರು ಹೇಳುತ್ತೇವೆ, ಚಕ್ರದಿಂದ ಬಂದ ಹೆಸರು ನಮಗೆ ಗೊತ್ತೇ ಇರುವುದಿಲ್ಲ.

ರೊಸ್ಸಿ, ರುಸ್ಸೊ, ಫೆರ್ರಾರಿ ಇವುಗಳ ಸಾಲಿನಲ್ಲಿ ಎಸ್ಪೋಸಿತೊ ಇಂದು ಇಡೀ ಇಟಲಿಯ ಅತಿ ಸಾಮಾನ್ಯ ಅಡ್ಡಹೆಸರುಗಳ ಮೊದಲ ಐದರಲ್ಲಿದೆ. ನೇಪಲ್ಸ್ ನಗರದಲ್ಲಿ ಅದೇ ಮೊದಲನೆಯದು. ರೊಸ್ಸಿ, ರುಸ್ಸೊ ಎಂದರೆ ಕೆಂಚ, ಫೆರ್ರಾರಿ ಎಂದರೆ ಕಮ್ಮಾರ. ಅವು ಒಬ್ಬ ಅಪ್ಪನ ಮೈಬಣ್ಣ, ಒಬ್ಬ ಅಪ್ಪನ ಕಸುಬು. ಅಪ್ಪನಿಲ್ಲದ ಹೆಸರು ಅವುಗಳ ಹೆಗಲಿಗೆ ಹೆಗಲು ಕೊಟ್ಟು ನಿಂತಿದೆ. ವಕೀಲರ ಫಲಕದಲ್ಲಿ, ಔಷಧಿ ಅಂಗಡಿಯ ಮೇಲೆ, ಮೀನಂಗಡಿಯ ಬೋರ್ಡಿನಲ್ಲಿ, ಚುನಾವಣೆಯ ಪೋಸ್ಟರಿನಲ್ಲಿ ನಾನು ಅದನ್ನು ಓದಿದೆ. ಜನರ ಜೀವದ ಮೇಲೆ ಪ್ರಭುತ್ವ ನಡೆಸುವ ಅಧಿಕಾರದ ಕುರಿತು ಬರೆದ ತತ್ತ್ವಜ್ಞಾನಿ ರೊಬೆರ್ತೊ ಎಸ್ಪೋಸಿತೊ ನೇಪಲ್ಸ್ ಕೊಲ್ಲಿಯ ದಂಡೆಯವರು. ಕಸ್ತೆಲ್ಲಮ್ಮಾರೆ ಎಂಬ ಹಡಗು ಕಟ್ಟುವ ಊರಿನ ಮೂವರು ಅಣ್ಣತಮ್ಮಂದಿರು ಇಂದು ಇಟಲಿಯ ಫುಟ್‌ಬಾಲಿನಲ್ಲಿದ್ದಾರೆ. ಅವರ ಅಂಗಿಯ ಬೆನ್ನ ಮೇಲಿನ ಹೆಸರನ್ನು ಇಡೀ ಗ್ಯಾಲರಿ ಕೂಗುತ್ತದೆ. ಹೊರಗಿಡಲ್ಪಟ್ಟವನು, ಹೊರಗಿಡಲ್ಪಟ್ಟವನು ಎಂದು ಯಾರಿಗೂ ಕೇಳಿಸುವುದಿಲ್ಲ.

ಮೇಲಿನ ಮಹಡಿಯ ಮನೆಯವರ ಜೊತೆ ಕೊನೆಯ ರಾತ್ರಿ ಕಾಫಿ ಕುಡಿಯುತ್ತ ಇದನ್ನೇ ಕೇಳಿದೆ. ಹೆಸರು ಚುಚ್ಚುವುದಿಲ್ಲವೇ? ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: 'ನನ್ನ ಅಜ್ಜನಿಗೆ ಚುಚ್ಚುತ್ತಿತ್ತಂತೆ. ನೀವು ಆ ಕೋಣೆ ನೋಡಿದಿರಲ್ಲ, ಈ ಪದ ಬರೆದದ್ದು ಗೋಡೆಯ ಯಾವ ಕಡೆಯಲ್ಲಿ?' ನಾನು ಉತ್ತರ ಕೊಡಬೇಕಾಗಿರಲಿಲ್ಲ. ದಫ್ತರ ಇದ್ದದ್ದು ಒಳಗೆ. ಬೀದಿಯಲ್ಲಿ, ಹೊಳೆಯ ದಂಡೆಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಬಿಟ್ಟು, ಯಾರೂ ಎತ್ತಿಕೊಳ್ಳದೆ ಹೋದ ಕೂಸಿಗೆ ಯಾವ ಹೆಸರೂ ಉಳಿಯಲಿಲ್ಲ. ಎಸ್ಪೋಸಿತೊ ಎಂದು ಬರೆಸಿಕೊಂಡದ್ದು ಗೋಡೆಯೊಳಗೆ ಬಂದು, ಕಲ್ಲಿನ ತೊಟ್ಟಿಯಲ್ಲಿ ನೀರು ಹಾಕಿಸಿಕೊಂಡ ಕೂಸು ಮಾತ್ರ.

ಇಂದಿನ ಇಟಲಿಯಲ್ಲಿ ತಾಯಿಯೊಬ್ಬಳು ಆಸ್ಪತ್ರೆಯಲ್ಲಿ ಹೆತ್ತು, ತನ್ನ ಹೆಸರು ದಾಖಲಾಗುವುದು ಬೇಡ ಎನ್ನಬಹುದು. ಕಾನೂನು ಅದನ್ನು ಕಾಪಾಡುತ್ತದೆ. ತಂದೆತಾಯಿ ಯಾರೆಂದು ತಿಳಿಯದ ಮಗುವಿಗೆ ಅದರ ಹುಟ್ಟನ್ನು ಬಯಲು ಮಾಡುವಂಥ ಹೆಸರನ್ನಾಗಲಿ ಅಡ್ಡಹೆಸರನ್ನಾಗಲಿ ಇಡಕೂಡದು ಎಂದು 2000ದ ನಾಗರಿಕ ನೋಂದಣಿ ನಿಯಮ ಹೇಳುತ್ತದೆ. 2022ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಮಗುವಿಗೆ ತಂದೆಯ ಅಡ್ಡಹೆಸರು ತಾನೇ ತಾನಾಗಿ ಬರುವ ಪದ್ಧತಿ ಸಲ್ಲದು, ತಾಯಿಯ ಹೆಸರೂ ಜೊತೆಗೆ ನಿಲ್ಲಬೇಕು, ಇಬ್ಬರೂ ಒಪ್ಪಿದರೆ ಒಂದೇ ಸಾಕು ಎಂದು ತೀರ್ಪು ಕೊಟ್ಟಿತು. ಗೋಡೆಯ ಹೊರಗೆ ನಿಂತು ಹೆಸರು ಹೇಳದೆ ಹೋದ ಆ ತಾಯಂದಿರ ಊರಿನಲ್ಲಿ ಈಗ ತಾಯಿಯ ಹೆಸರು ಕಾಗದಕ್ಕೆ ಬರುತ್ತಿದೆ.

ನೇಪಲ್ಸ್‌ಗೆ ಹೋಗುವವರು ರೈಲಿಳಿದದ್ದೇ ಪೊಂಪೇಯಿಗೋ ಕಾಪ್ರಿಗೋ ಓಡುತ್ತಾರೆ. ಓಡಿ, ಬೇಡ ಎನ್ನುವುದಿಲ್ಲ. ಆದರೆ ಒಂದು ಬೆಳಿಗ್ಗೆಯನ್ನು ಫೋರ್ಚೆಲ್ಲಾಗೆ ಎತ್ತಿಡಿ. ನಿಲ್ದಾಣದಿಂದ ಕಾಲು ಗಂಟೆಯ ನಡಿಗೆ. ಮೊದಲು ಬೀದಿಯ ಬದಿಯಿಂದ ಕಿಂಡಿಯನ್ನು ನೋಡಿ, ಆಮೇಲೆ ಒಳಗೆ ಹೋಗಿ ತೊಟ್ಟಿಯನ್ನು ನೋಡಿ, ಈ ಕ್ರಮ ತಪ್ಪಿಸಬೇಡಿ. ಹೊರಬಂದ ಮೇಲೆ ಯಾವುದಾದರೂ ಓಣಿಯ ಯಾವುದಾದರೂ ಮನೆಯ ಬಾಗಿಲಲ್ಲಿ ನಿಂತು ಕರೆಗಂಟೆಯ ಫಲಕ ಓದಿ.